ಕೋಡೊಲೆ

“ಮೇಷ್ಟ್ರೇ, ಕೊರತೆಯಿಲ್ಲದ ಕೆಲಸದಲ್ಲಿ ಇನ್ನೊಬ್ಬರು ಬಂದು ಕೈ ಹಾಕಲು ಜಾಗ ಯಾಕೆ ಬಿಡಬೇಕು?” ಎಂದು ನಾಗವೇಣಿ ಕೇಳಿದಳು.

ಅವಳು ಒಂದು ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದಳು. ರೋಗಿ ಬಂದರೆ ಹಾಸಿಗೆ ಗೊತ್ತುಮಾಡುವುದು, ಲ್ಯಾಬಿಗೆ ತಿಳಿಸುವುದು, ಔಷಧಿ ತರಿಸುವುದು ಎಲ್ಲವೂ ಅದರಲ್ಲಿ ತಾನಾಗಿ ನಡೆಯುತ್ತಿತ್ತು. ಈಗ ಎಳೆಗೂಸುಗಳ ವಾರ್ಡಿನ ನರ್ಸುಗಳು ಅದಕ್ಕೆ ಒಂದು ಪ್ಲಗಿನ್, ಅಂದರೆ ಹೊರಗಿನಿಂದ ಜೋಡಿಸುವ ಚಿಕ್ಕ ಸಾಫ್ಟ್‌ವೇರ್, ಸೇರಿಸಿಕೊಳ್ಳಲು ಅವಕಾಶ ಕೇಳುತ್ತಿದ್ದರು. ತಾಯಂದಿರು ಹಿಂಡಿಟ್ಟ ಹಾಲಿನ ಸೀಸೆಯೂ ಸಾಫ್ಟ್‌ವೇರಿಗೆ ಗೊತ್ತಿರಬೇಕು, ಯಾವುದು ಯಾವ ಕೂಸಿನದು, ಯಾವ ಹೊತ್ತಿನದು ಎಂದು ಅದು ನೆನಪಿಡಬೇಕು ಎಂಬುದು ಅವರ ಬೇಡಿಕೆ.

“ಹಾಸಿಗೆ, ರೋಗಿ, ಔಷಧಿ, ಇಷ್ಟೇ ಅದಕ್ಕೆ ಗೊತ್ತಿರುವ ವಸ್ತುಗಳು. ಇವತ್ತು ಸೀಸೆ ಎಂದರೆ ನಾಳೆ ಇನ್ನೊಬ್ಬರು ತೊಟ್ಟಿಲು ಅನ್ನುತ್ತಾರೆ. ಊಟ ನಿದ್ದೆ ಬಿಟ್ಟು ಕಟ್ಟಿದ್ದೇನೆ ಮೇಷ್ಟ್ರೇ. ಯಾರದೋ ಪ್ಲಗಿನ್ ಬಂದು ಕೆಡಿಸಿದರೆ? ಕೇಳಲು ಬಂದ ನರ್ಸಮ್ಮನನ್ನು ನೋಡಬೇಕಿತ್ತು, ಅಂಗೈ ತುಂಬ ಪೆನ್ನಿನ ಗೀಚು. ಅಂಥವರ ಕೈಗೆ ಕೊಡಲೇ?”

ಚನ್ನವೀರಯ್ಯ ಮೇಷ್ಟ್ರು ಅವಳಿಗೆ ಕಂಪ್ಯೂಟರ್ ಕಲಿಸಿದವರು. ಅವರು ನಕ್ಕರು. “ಕೋಪ ಆಮೇಲೆ ಮಾಡಿಕೊಳ್ಳುವೆಯಂತೆ, ಮೊದಲು ಕತೆ ಕೇಳು” ಎಂದು ಶುರುಮಾಡಿದರು.

ಒಬ್ಬ ಒಲೆ ಕಟ್ಟುವವನಿದ್ದ. ಒಂದು ಮಠದ ದಾಸೋಹಕ್ಕೆ ದೊಡ್ಡ ಒಲೆ ಬೇಕೆಂದು ಅವನನ್ನು ಕರೆಸಿದರು. ಅವನು ಮಣ್ಣು ತುಳಿದು, ಹದ ನೋಡಿ ಒಲೆ ಕಟ್ಟಿದ. ಎಂಥ ಒಲೆ ಅಂತೀಯ, ಉರಿಯೆಲ್ಲ ಹಂಡೆಯ ತಳಕ್ಕೇ ಹೋಗಬೇಕು, ಒಂದಿಷ್ಟೂ ಪೋಲಾಗಬಾರದು. ದಾಸೋಹದ ಅಡುಗೆಯಾಕೆ ಬಂದು ನೋಡಿ, “ಚೆನ್ನಾಗಿದೆಯಪ್ಪ. ಪಕ್ಕದಲ್ಲಿ ಒಂದು ಕೋಡೊಲೆ ಬಿಡು” ಎಂದಳು. ದೊಡ್ಡ ಒಲೆಯ ಉರಿಯೇ ಒಂದು ಕಂಡಿಯಿಂದ ಹಾದುಬಂದು ಕಾಯುವ ಚಿಕ್ಕ ಒಲೆಗೆ ಕೋಡೊಲೆ ಎನ್ನುತ್ತಾರೆ.

“ಅದರ ಮೇಲೆ ಏನಿಡುತ್ತೀರಿ?”

“ಈಗಲೇ ಹೇಗೆ ಹೇಳಲಪ್ಪ? ಬಂದವರನ್ನು ನೋಡಿ ಇಡುವುದು.”

“ಏನೆಂದು ಗೊತ್ತಿಲ್ಲದ್ದಕ್ಕೆ ನನ್ನ ಒಲೆಗೆ ತೂತು ಕೊರೆಯಲೇ? ಆಗದು ತಾಯಿ.”

ಅಡುಗೆಯಾಕೆ ಜಗಳಕ್ಕೆ ಹೋಗಲಿಲ್ಲ. ಒಲೆ ಉರಿಯಿತು, ಊರು ಹೊಗಳಿತು. ಅವನೂ ಸ್ವಲ್ಪ ಉಬ್ಬಿದ.

ಮರುವರ್ಷ ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಕೂಸು ಉಳಿಯಿತು. ಬೇರೆ ಊರಿನಲ್ಲಿ ಅವನ ತಂಗಿಗೆ ಎಳೆಮಗುವಿತ್ತು. ಅವಳ ಹತ್ತಿರ ತಲುಪಿಸಿದರೆ ಇದೂ ಬದುಕೀತು ಎಂಬುದೊಂದೇ ಆಸೆ. ಕೂಸನ್ನು ಹೆಗಲಿಗೆ ಹಾಕಿಕೊಂಡು, ಒಂದು ಗಿಂಡಿಯಲ್ಲಿ ಆಡಿನ ಹಾಲು ಹಿಡಿದು ಹೊರಟ. ಮಠದ ಹತ್ತಿರ ಬರುವಷ್ಟರಲ್ಲಿ ಹಾಲು ತಣ್ಣಗಾಗಿತ್ತು, ಅತ್ತು ಅತ್ತು ಕೂಸಿನ ದನಿಯೂ ಸೋತಿತ್ತು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಲೆಯ ಮೇಲೆ ಹಂಡೆ ತುಂಬ ಅನ್ನ ಕುದಿಯುತ್ತಿತ್ತು, ಅದನ್ನು ಇಳಿಸುವಂತಿರಲಿಲ್ಲ. ಊರಿಗೆಲ್ಲ ಅನ್ನ ಬೇಯಿಸುವ ಒಲೆಯಲ್ಲಿ ಒಂದು ಗಿಂಡಿ ಹಾಲಿಗೆ ಜಾಗವಿರಲಿಲ್ಲ. ಆ ಜಾಗ ಬಿಡದೆ ಕಟ್ಟಿದವನು ತಾನೇ.

ಅಡುಗೆಯಾಕೆ ಕೂಸಿನ ಮುಖ ನೋಡಿದಳು. ಗಿಂಡಿ ತೆಗೆದುಕೊಂಡಳು. ಒಲೆಯ ಬಾಯಿಗೆ ಕೈ ಹಾಕಿ, ಒಂದು ಹಂಚಿನ ಚೂರಿನಿಂದ ಕೆಂಡ ಎಳೆದು, ನೆಲದ ಮೇಲೆ ಹರಡಿ ಹಾಲು ಬೆಚ್ಚಗೆ ಮಾಡಿದಳು. ಒಳಲೆಯಲ್ಲಿ ಹನಿ ಹನಿಯಾಗಿ ಕುಡಿಸಿದಳು. ಕೂಸು ಚಪ್ಪರಿಸಿತು. ಆಗ ಅವನು ಅವಳ ಕೈ ನೋಡಿದ. ಬೆರಳಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳು, ಹಳೆಯದರ ಮೇಲೆ ಹೊಸದು.

“ಇದೇನು ತಾಯಿ?”

“ಹಲ್ಲಿಲ್ಲದ ಮುದುಕರು ಬರುತ್ತಾರೆ, ಗಂಜಿ ಬೇಕು. ಜ್ವರದವರಿಗೆ ಕಷಾಯ ಬೇಕು. ಹೇಗೋ ಆಗುತ್ತದಪ್ಪ. ಕೂಸನ್ನು ಸರಿಯಾಗಿ ಎತ್ತಿಕೊ, ಕತ್ತು ಬಿದ್ದೀತು.”

ಅವನು ಅತ್ತುಬಿಟ್ಟ. ಕೂಸನ್ನು ತಂಗಿಯ ಮಡಿಲಿಗೆ ಹಾಕಿ ಮರುದಿನವೇ ತಿರುಗಿ ಬಂದ. ಒಲೆ ಆರಿದ ಮೇಲೆ ಅದರ ಪಕ್ಕ ಕೊರೆದು ಕೋಡೊಲೆ ಕೂಡಿಸಿದ. ಕಂಡಿಯನ್ನು ಗೇಣಗಲಕ್ಕಿಂತ ದೊಡ್ಡದು ಮಾಡಲಿಲ್ಲ, ಅದಕ್ಕೊಂದು ಮುಚ್ಚಳವನ್ನೂ ಇಟ್ಟ. “ಕಂಡಿ ಎಷ್ಟಿರಬೇಕು ಎಂಬುದು ನನಗೆ ಬಿಟ್ಟದ್ದು. ಮೇಲೆ ಏನಿಡಬೇಕು ಎಂಬುದು ನಿಮಗೆ ಬಿಟ್ಟದ್ದು” ಎಂದ. ಅಂದು ಹಂಡೆಯ ಅನ್ನ ಸ್ವಲ್ಪ ತಡವಾಗಿ ಬೆಂದಿತು. ಪಂಕ್ತಿಯಲ್ಲಿ ಯಾರೂ ಗೊಣಗಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ನಾಗವೇಣಿಗೆ ಇನ್ನೂ ಸೋಲಲು ಮನಸ್ಸಿರಲಿಲ್ಲ.

“ಅವಳ ಕೈ ಸುಟ್ಟಿತ್ತು, ಸರಿ. ನನ್ನ ಸಾಫ್ಟ್‌ವೇರಿನಿಂದ ಯಾರ ಕೈ ಸುಟ್ಟಿದೆ ಮೇಷ್ಟ್ರೇ?”

ಮೇಷ್ಟ್ರು ಮೆಲ್ಲಗೆ ಕೇಳಿದರು: “ಆ ನರ್ಸಮ್ಮ ಅಂಗೈಯಲ್ಲಿ ಏನು ಬರೆದುಕೊಂಡಿದ್ದಳು ಅಂತ ಓದಿದೆಯಾ, ಮಗಳೇ?”