ಧಣಿಗಳೇ ಗ್ರಿಲ್ಲು ಹಚ್ಚಲಿ

ಮಲ್ಪೆಯ ಕಡಲತೀರದ ಒಂದು ಹೋಟೆಲಿನಲ್ಲಿ ಸೆಲಿನ್ ಬಾಯಿ ಅಡುಗೆಯವಳು. ಅಂದು ಮಧ್ಯಾಹ್ನ ನಲವತ್ತು ಅತಿಥಿಗಳಿಗೆ ಅಂಗಳದ ಗ್ಯಾಸ್ ಗ್ರಿಲ್ಲಿನಲ್ಲಿ ಅಂಜಲ್ ಮೀನು ಸುಡಬೇಕಿತ್ತು.

ಹಚ್ಚುವ ಮೊದಲು ಆಕೆ ಎಂದಿನಂತೆ ಗ್ಯಾಸಿನ ಪೈಪಿಗೆ ಸೋಪಿನ ನೀರು ಬಳಿದು ಸಿಲಿಂಡರಿನ ವಾಲ್ವು ತಿರುಗಿಸಿದಳು. ಪೈಪಿನ ನಡುವೆ ಬುಳುಬುಳು ಗುಳ್ಳೆಗಳು ಎದ್ದವು. ಗ್ಯಾಸ್ ಸೋರುತ್ತಿತ್ತು! ತಕ್ಷಣ ಸಿಲಿಂಡರು ಬಂದ್ ಮಾಡಿ, ಧಣಿ ದಾಮೋದರ ಹೆಗ್ಡೆಯವರಿಗೆ ಹೇಳಿದಳು.

ಹೆಗ್ಡೆಯವರು ಗುಡುಗಿದರು. "ನಾನೇ ಹತ್ತು ಅಂಗಡಿ ತಿರುಗಿ ಆರಿಸಿ ತಂದ ಗ್ರಿಲ್ಲು ಇದು! ಸೋಪಿನಲ್ಲಿ ಗುಳ್ಳೆ ಬರದೆ ಮತ್ತೇನು ಬರುತ್ತದೆ? ಸುಮ್ಮನೆ ಹಚ್ಚು."

"ಈ ಪೈಪು ಇರುವ ತನಕ ನಾನು ಹಚ್ಚುವುದಿಲ್ಲ, ಧಣಿ."

"ಹಾಗಾದರೆ ನಾಳೆಯಿಂದ ಬರಬೇಡ."

ಸೆಲಿನ್ ಬಾಯಿ ನೇರವಾಗಿ ಅತಿಥಿಗಳ ಮುಂದೆ ಹೋಗಿ, "ಇವತ್ತು ಧಣಿಗಳೇ ತಮ್ಮ ಕೈಯಾರೆ ಗ್ರಿಲ್ಲು ಹಚ್ಚುತ್ತಾರೆ. ಎಲ್ಲರೂ ಸ್ವಲ್ಪ ದೂರ ನಿಂತು ನೋಡಿ," ಎಂದಳು. ಅತಿಥಿಗಳು ಚಪ್ಪಾಳೆ ತಟ್ಟಿದರು. ಆಕೆ ಲೈಟರನ್ನು ಹೆಗ್ಡೆಯವರ ಕೈಗಿಟ್ಟಳು.

ಅವರು ಗತ್ತಿನಿಂದಲೇ ಗ್ರಿಲ್ಲಿನ ತನಕ ನಡೆದರು. ಬಗ್ಗಿ ಪೈಪು ನೋಡಿದರು. ಲೈಟರು ಹಿಡಿದ ಕೈ ತಾನಾಗಿ ಹಿಂದೆ ಸರಿಯಿತು. ಆಮೇಲೆ ವಾಚು ನೋಡಿ, "ಛೆ, ಈಗ ರಾಹುಕಾಲ!" ಎಂದರು.

"ಅದು ಮುಗಿಯುವುದರೊಳಗೆ ಹೊಸ ಪೈಪು ತರಬಹುದು, ಧಣಿ," ಎಂದಳು ಸೆಲಿನ್ ಬಾಯಿ.

ಹೆಗ್ಡೆಯವರು ತಾವೇ ಕಾರು ಹತ್ತಿ ಹೋದರು. ಅರ್ಧ ಗಂಟೆಯಲ್ಲಿ ಮರಳಿದಾಗ ಅವರ ಕೈಯಲ್ಲಿ ಎರಡು ಪೈಪುಗಳಿದ್ದವು.

"ಇನ್ನೊಂದು ಯಾಕೆ, ಧಣಿ?"

ಹೆಗ್ಡೆಯವರು ದನಿ ತಗ್ಗಿಸಿ ಹೇಳಿದರು, "ಮತ್ತೆ ರಾಹುಕಾಲ ಬಂದರೆ ಬೇಕಾಗುತ್ತದೆ. ಒಳಗಿಡು."