ಬೋಳುಗುಡ್ಡದ ಎಡಸುತ್ತು

“ಗುರುಗಳೇ, ನನ್ನ ಸರದಿಯ ಕೆಲಸವನ್ನು ಇನ್ನೊಬ್ಬ ಮಾಡಿದರೆ ಅದರ ಫಲ ಯಾರಿಗೆ?” ಎಂದು ಮುಕುಂದನೆಂಬ ಶಿಷ್ಯ ಕೇಳಿದ.

ಆ ದಿನ ಬೆಳಗ್ಗೆ ಮಠದಲ್ಲಿ ಗಂಭೀರವಾದ ಘಟನೆಯೊಂದು ನಡೆದಿತ್ತು. ಅಂಗಳ ಗುಡಿಸುವ ಸರದಿ ಮುಕುಂದನದು. ಗುಡಿಸಿದವನು ಅವನ ಸಹಪಾಠಿ. ಮುಕುಂದ ಪಕ್ಕದಲ್ಲೇ ಇದ್ದು, ಎಲ್ಲೆಲ್ಲಿ ಎಲೆ ಉಳಿದಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದ. ಹೀಗೆ ತೋರಿಸುತ್ತಾ ಅಂಗಳದ ಉದ್ದಗಲ ಓಡಾಡಿ ಅವನಿಗೆ ಸುಸ್ತಾಯಿತು, ಪಾಠಕ್ಕೂ ತಡವಾಯಿತು. ಮಠದ ಹಿರಿಯರು ಈ ಬಗ್ಗೆ ಸಭೆ ಸೇರಿ, ಯಾವ ತೀರ್ಮಾನಕ್ಕೂ ಬಾರದೆ ಊಟಕ್ಕೆ ಎದ್ದಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಕಡಲಿಗೆ ಹತ್ತಿರದ ಒಂದು ಊರಿನ ಪಕ್ಕದಲ್ಲಿ ಸುಣ್ಣದ ಮಣ್ಣಿನ ಬೋಳುಗುಡ್ಡವಿತ್ತು. ಹುಲ್ಲು ಬಿಟ್ಟರೆ ಅದರ ಮೇಲೆ ಬೇರೇನೂ ಬೆಳೆಯುತ್ತಿರಲಿಲ್ಲ. ಹರಕೆ ಹೊತ್ತವರು ಬೆಳಗ್ಗೆ ಗುಡಿಯ ಮುಂದಿನ ಕಲ್ಲಿನಿಂದ ಹೊರಟು, ಗುಡ್ಡವನ್ನು ಬಲಕ್ಕಿಟ್ಟುಕೊಂಡು, ಕಡಲಂಚಿನ ದಾರಿಯನ್ನು ಹಾದು, ಹೊತ್ತು ಮುಳುಗುವುದರೊಳಗೆ ಅದೇ ಕಲ್ಲಿಗೆ ಬಂದು ಸೇರಬೇಕು. ಬಂದವರ ಕಾಲಿಗೆ ಮನೆಯವರು ನೀರು ಹೊಯ್ದರೆ ಹರಕೆ ಸಂದಿತೆಂದು ಅರ್ಥ. ಕೈಲಾಗದವರು ತಮ್ಮ ಶಲ್ಯವನ್ನು ಇನ್ನೊಬ್ಬನಿಗೆ ಹೊದಿಸಿ ಕಳಿಸಬಹುದಿತ್ತು.

ಆ ಊರಿನಲ್ಲಿ ಒಬ್ಬ ವರ್ತಕನಿದ್ದ. ಹೆಂಡತಿ ಜ್ವರದಲ್ಲಿ ಮಲಗಿದ್ದಾಗ, ಅವಳು ಎದ್ದರೆ ಗುಡ್ಡ ಸುತ್ತುತ್ತೇನೆಂದು ಹರಕೆ ಹೊತ್ತ. ಅವಳು ಎದ್ದಳು. ಅವನು ಅಂಗಡಿಯಿಂದ ಏಳಲಿಲ್ಲ. ಒಂದು ದಿನ ಬಿಸಿಲು ಎಂದ, ಇನ್ನೊಂದು ದಿನ ಗಿರಾಕಿ ಎಂದ, ಕೊನೆಗೆ ಮೊಣಕಾಲು ನೋವು ಎಂದ. ತನ್ನ ಜೀವದ ಬೆಲೆ ಒಂದು ದಿನದ ನಡಿಗೆಗಿಂತ ಕಡಿಮೆಯೆಂದು ಹೆಂಡತಿಗೆ ಖಚಿತವಾಯಿತು. ಹರಕೆ ತೀರಿದ ದಿನ ಬರುತ್ತೇನೆ, ಅಲ್ಲಿಯವರೆಗೆ ಬರುವುದಿಲ್ಲ ಎಂದು ಹೇಳಿ, ಪೆಟ್ಟಿಗೆ ತೆಗೆದುಕೊಂಡು ತವರಿಗೆ ಹೋದಳು.

ತಾನೇ ಬೇಯಿಸಿದ ಗಂಜಿ ನಿತ್ಯವೂ ತಳ ಹಿಡಿಯತೊಡಗಿದಾಗ ವರ್ತಕನಿಗೆ ಹರಕೆಯ ಮಹತ್ವ ತಿಳಿಯಿತು. ಮೊಣಕಾಲಿನ ಸ್ಥಿತಿಯನ್ನು ಪೂಜಾರಿಗೆ ವಿವರವಾಗಿ ಹೇಳಿ ಒಪ್ಪಿಸಿದ. ಒಂದು ಮುಡಿ ಅಕ್ಕಿ ಕೊಡುವುದಾಗಿ ಹೇಳಿ ಒಬ್ಬ ರೈತನನ್ನು ಒಪ್ಪಿಸಿದ. ಇಂಥ ದಿನ ಹರಕೆ ತೀರುತ್ತದೆಂದು ಹೆಂಡತಿಗೆ ಹೇಳಿ ಕಳಿಸಿದ.

ಆ ದಿನ ರೈತ ಶಲ್ಯ ಹೊದ್ದು, ಕಲ್ಲಿನ ಮುಂದೆ ವರ್ತಕನ ಹೆಸರು ಹೇಳಿ ಹೊರಟ. ವರ್ತಕ ಅಂಗಡಿಯಲ್ಲಿ ಕೂತ. ಕೂತವನಿಗೆ ಯೋಚನೆ ಶುರುವಾಯಿತು. ಗುಡ್ಡದ ಆಚೆ ಬದಿ ಊರಿಗೆ ಕಾಣುವುದಿಲ್ಲ. ರೈತ ಅಲ್ಲಿ ಒಂದು ನಿದ್ದೆ ತೆಗೆದು, ಸಂಜೆ ಮೈ ಕೊಡವಿಕೊಂಡು ಬಂದರೆ? ಹರಕೆ ತನ್ನದು, ಹೆಂಡತಿ ತನ್ನವಳು, ನಿದ್ದೆ ಮಾತ್ರ ರೈತನದು. ಇದು ವ್ಯಾಪಾರಕ್ಕೆ ಒಪ್ಪುವ ಮಾತಲ್ಲ.

ಅವನು ಅಂಗಡಿಗೆ ಹಲಗೆ ಹಾಕಿ ಎದ್ದ. ಹಿಂದಿನಿಂದ ಹೋದರೆ ಆಗಲೇ ಹೊರಟವನು ಸಿಗುವುದಿಲ್ಲ. ಎದುರಿನಿಂದ ಹೋದರೆ ಸಿಗಲೇಬೇಕು. ಆದ್ದರಿಂದ ಗುಡ್ಡವನ್ನು ಎಡಕ್ಕಿಟ್ಟುಕೊಂಡು ಬಿರಬಿರನೆ ನಡೆದ. ಆ ಅವಸರದಲ್ಲಿ ಮೊಣಕಾಲಿನ ನೆನಪು ಅವನಿಗೇ ಆಗಲಿಲ್ಲ.

ಕಡಲಂಚಿನಲ್ಲಿ ಇಬ್ಬರೂ ಎದುರಾದರು. ರೈತ ನಡೆಯುತ್ತಲೇ ಇದ್ದ. ಇದರಿಂದ ವರ್ತಕನಿಗೆ ಸ್ವಲ್ಪ ನಿರಾಶೆಯೇ ಆಯಿತು.

“ಧಣಿಗಳು ಇಲ್ಲಿಯವರೆಗೆ ನಡೆದು ಬಂದಿರಾ?” ಎಂದು ರೈತ ಕೇಳಿದ.

“ನಡೆಯುವುದು ನಿನ್ನ ಕೆಲಸ. ನಾನು ನೋಡಲು ಬಂದೆ.”

“ಹಾಗಾದರೆ ನನ್ನ ಜೊತೆಗೇ ತಿರುಗಿ ಬನ್ನಿ. ಮುಂದಿನದನ್ನೂ ನೋಡಿದ ಹಾಗಾಗುತ್ತದೆ.”

“ನೀನು ಇಲ್ಲಿಯವರೆಗೆ ನಡೆದೇ ಬಂದೆಯೋ, ಯಾರದಾದರೂ ಗಾಡಿ ಹತ್ತಿ ಬಂದೆಯೋ, ಅದನ್ನು ಯಾರು ನೋಡುತ್ತಾರೆ?” ಎಂದ ವರ್ತಕ. ಬಿಳಿ ಧೂಳಿನಲ್ಲಿ ರೈತನ ಹೆಜ್ಜೆಗಳನ್ನು ಹುಡುಕುತ್ತಾ ಅವನು ಬಂದ ದಾರಿಯಲ್ಲೇ ಮುಂದೆ ಹೋದ.

ಹೆಜ್ಜೆಗಳೆಲ್ಲ ಇದ್ದವು. ಎಲ್ಲೂ ಒಂದು ಹೆಜ್ಜೆಯೂ ಕಡಿಮೆಯಿರಲಿಲ್ಲ. ವರ್ತಕ ಬಗ್ಗಿ ಬಗ್ಗಿ ನೋಡಿ, ಬೆನ್ನು ಹಿಡಿದುಕೊಂಡು, ಮತ್ತೆ ನಡೆದ.

ಇತ್ತ ಮಧ್ಯಾಹ್ನವೇ ವರ್ತಕನ ಹೆಂಡತಿ ಅಣ್ಣನ ಎತ್ತಿನ ಗಾಡಿಯಲ್ಲಿ ಬಂದು ಕಲ್ಲಿನ ಹತ್ತಿರ ಇಳಿದಿದ್ದಳು. ಪೆಟ್ಟಿಗೆ ಗಾಡಿಯಲ್ಲಿತ್ತು. ರೈತನನ್ನು ಕಳಿಸಿದ ವಿಷಯವನ್ನು ಪೂಜಾರಿ ಸಂಕೋಚದಿಂದಲೇ ತಿಳಿಸಿದ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ನಿಜವಾಗಿಯೂ ಕಾಲು ನೋವಿದ್ದರೆ ಮನುಷ್ಯ ಏನು ಮಾಡಿಯಾನು ಎಂದಳು. ಆ ಮೊಣಕಾಲಿಗೆಂದೇ ತವರಿನಿಂದ ಎಣ್ಣೆ ಕಾಯಿಸಿ ತಂದಿದ್ದಳು. ತಂಬಿಗೆಯಲ್ಲಿ ನೀರು ತುಂಬಿಕೊಂಡು ಕಾದಳು.

ಹೊತ್ತು ಮುಳುಗುವ ಮೊದಲು ರೈತ ಗುಡ್ಡದ ಒಂದು ಕಡೆಯಿಂದ ಬಂದ. ವರ್ತಕ ಇನ್ನೊಂದು ಕಡೆಯಿಂದ ಬಂದ. ಇಬ್ಬರ ಕಾಲುಗಳೂ ಮೊಣಕಾಲಿನವರೆಗೆ ಬೆಳ್ಳಗಿದ್ದವು.

ಹೆಂಡತಿ ಆ ನಾಲ್ಕು ಕಾಲುಗಳನ್ನು ನೋಡಿದಳು.

“ನಿಮ್ಮ ಮೊಣಕಾಲು ಹೇಗಿದೆ?” ಎಂದು ಕೇಳಿದಳು.

“ಹಾಗೇ ಇದೆ” ಎಂದ ವರ್ತಕ. “ನಾನು ನಡೆಯಲಿಲ್ಲ. ಇವನು ನಡೆದನೋ ಇಲ್ಲವೋ ಎಂದು ಸುತ್ತಲೂ ನೋಡಿಕೊಂಡು ಬಂದೆ, ಅಷ್ಟೆ. ಮೋಸವಿಲ್ಲ, ಪೂರ್ತಿ ನಡೆದಿದ್ದಾನೆ. ನೀರು ಹೊಯ್ಯಬಹುದು.”

ಅವಳು ತಂಬಿಗೆ ಎತ್ತಲಿಲ್ಲ. ಪೂಜಾರಿಯ ಕಡೆ ತಿರುಗಿದಳು. ಪೂಜಾರಿ ಗುಡ್ಡವನ್ನು ನೋಡಿದ, ಕಲ್ಲನ್ನು ನೋಡಿದ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. ಇಂಥದ್ದು ಅವನ ಅಜ್ಜನ ಕಾಲದಲ್ಲೂ ನಡೆದಿರಲಿಲ್ಲ.

“ಯಜಮಾನರೇ, ಇವನು ನಿಮ್ಮ ಹೆಸರಿನಲ್ಲಿ ಬಲಕ್ಕೆ ಸುತ್ತಿದ. ನೀವು ನಿಮ್ಮ ಕಾಲಿನಲ್ಲೇ ಎಡಕ್ಕೆ ಸುತ್ತಿದಿರಿ. ಅವನು ಸುತ್ತಿದ್ದನ್ನೆಲ್ಲ ನೀವು ಬಿಚ್ಚುತ್ತಾ ಬಂದಿದ್ದೀರಿ. ಗುಡಿಯ ಪಾಲಿಗೆ ಇವತ್ತು ಇಲ್ಲಿಂದ ಯಾರೂ ಹೊರಡಲೇ ಇಲ್ಲ.”

ವರ್ತಕ ವಾದಿಸಿದ. ಎಡಕ್ಕೆ ಹೋಗದೆ ರೈತನನ್ನು ಎದುರುಗೊಳ್ಳುವುದು ಹೇಗೆಂದು ಕೇಳಿದ. ತಾನು ಅಂಗಡಿಯಲ್ಲೇ ಇದ್ದಂತೆ ಭಾವಿಸಿಕೊಳ್ಳಲು ಸಾಧ್ಯವೇ ಎಂದೂ ವಿಚಾರಿಸಿದ. ಪೂಜಾರಿ ಗುಡಿಯ ಬಾಗಿಲು ಹಾಕಿದ.

ಹೆಂಡತಿ ತಂಬಿಗೆಯ ನೀರನ್ನು ಎತ್ತುಗಳಿಗೆ ಕುಡಿಸಿದಳು. ಎಣ್ಣೆಯನ್ನು ರೈತನ ಕೈಗೆ ಕೊಟ್ಟು, ಇವತ್ತು ರಾತ್ರಿಯೇ ಹಚ್ಚಿಕೋ, ಇಲ್ಲದಿದ್ದರೆ ನಾಳೆಗೆ ಕಾಲು ಹಿಡಿದುಕೊಳ್ಳುತ್ತದೆ ಎಂದಳು. ಆಮೇಲೆ ಗಾಡಿ ಹತ್ತಿ, ಹೊರಡೋಣ ಎಂದು ಅಣ್ಣನಿಗೆ ಹೇಳಿದಳು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

“ಹಾಗಾದರೆ ಫಲ ಯಾರಿಗೆ ಬಂತು?” ಎಂದು ಶಿಷ್ಯ ಬಿಡದೆ ಕೇಳಿದ.

“ಫಲದ ವಿಷಯ ನನಗೆ ಗೊತ್ತಿಲ್ಲ, ನಡೆಯುವುದನ್ನು ತಪ್ಪಿಸಿಕೊಳ್ಳಲು ಅಷ್ಟು ದೂರ ನಡೆದವನು ಮಾತ್ರ ಅವನೊಬ್ಬನೇ” ಎಂದರು ಗುರುಗಳು.



ವರ್ತಕನ ಹೆಂಡತಿ ಆ ಮಳೆಗಾಲವನ್ನು ತವರಿನಲ್ಲೇ ಕಳೆದಳು.