ಬಣ್ಣದ ಮನೆಯ ಬೀಗ

"ಗುರುಗಳೇ, ನಮ್ಮ ಯಂತ್ರಕ್ಕೆ ಎಂಟು ಪ್ರೊಸೆಸರ್‌ಗಳಿವೆ. ಆದರೂ ಅವನ್ನೆಲ್ಲ ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ನೊಳಗೆ ಒಂದು ಹೊತ್ತಿಗೆ ಒಂದಕ್ಕೇ ಪ್ರವೇಶ. ಇಡೀ ಕರ್ನಲ್‌ಗೆ ಒಂದೇ ದೊಡ್ಡ ಬೀಗ. ಉಳಿದವು ಹೊರಗೆ ಸುಮ್ಮನೆ ಕಾಯುತ್ತವೆ. ಆ ಬೀಗವನ್ನು ಇಂದೇ ತೆಗೆದುಬಿಡಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕರ್ನಲ್ ಬರೆದೇ ತಲೆ ನರೆಸಿಕೊಂಡವರು. ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವರ್ತಕನಿಗೆ ಬಟ್ಟೆಗೆ ಬಣ್ಣ ಹಾಕುವ ಮನೆಯೊಂದಿತ್ತು. ಒಳಗೆ ಒಂದು ನೀಲಿಯ ಬಾನಿ, ಒಂದು ಹಳದಿಯ ಬಾನಿ. ನೀಲಿ ಅವನ ಅಜ್ಜ ಹುದುಗೆಬ್ಬಿಸಿದ್ದು. ಆ ಹುದುಗು ಸಾಯದ ಹಾಗೆ ಮನೆಯವರು ಕೂಸಿನಂತೆ ಕಾಪಾಡಿಕೊಂಡು ಬಂದಿದ್ದರು. ಅವರ ಅನ್ನವೆಲ್ಲ ಅದರಿಂದಲೇ. ಬಾಗಿಲಿಗೆ ಒಂದು ಬೀಗ, ಅದಕ್ಕೆ ಒಂದೇ ಕೀಲಿಕೈ. ಕೀಲಿಕೈ ಯಾರ ಸೊಂಟದಲ್ಲಿದೆಯೋ ಅವನೊಬ್ಬನೇ ಒಳಗೆ. ಉಳಿದ ಬಣ್ಣಗಾರರು ಜಗುಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದರು.

ಅದನ್ನು ನೋಡಿ ನೋಡಿ ವರ್ತಕನ ಮೈ ಉರಿಯಿತು. ಒಂದು ದಿನ ಬೀಗವನ್ನು ಕಿತ್ತು ಮೂಲೆಗೆಸೆದ. ಎಲ್ಲರೂ ಒಳಗೆ ನುಗ್ಗಿದರು. ಬಟ್ಟೆ ರಾಶಿ ರಾಶಿ ಬಿತ್ತು. ವರ್ತಕ ಮೀಸೆ ತಿರುವಿದ.

ಹೆಚ್ಚು ದಿನ ಕಳೆಯಲಿಲ್ಲ, ನೀಲಿ ಸತ್ತಿತು. ಮಂಕಾದಾಗ ಒಂದು ಹಿಡಿ ಸುಣ್ಣ ಹಾಕಿದರೆ ಚೇತರಿಸುವ ಹುದುಗು, ಸುಣ್ಣ ಹೆಚ್ಚಾದರೆ ಸಾಯುತ್ತದೆ; ಹೆಚ್ಚೇ ಆಗಿತ್ತು. ವಿಚಾರಿಸಿದರೆ, ಒಬ್ಬ ಬಣ್ಣಗಾರ ನೀಲಿ ಮಂಕಾದದ್ದು ಕಂಡು ಸುಣ್ಣ ತರಲು ಹೋಗಿದ್ದ. ತಂದು ಒಂದು ಹಿಡಿ ಹಾಕಿದ್ದ. ಅವನು ಅತ್ತ ಹೋದ ಹೊತ್ತಿನಲ್ಲೇ ಇನ್ನೊಬ್ಬ ಇತ್ತ ಬಾನಿ ನೋಡಿದ್ದ. ಅವನೂ ಹೋಗಿ ತಂದು ಒಂದು ಹಿಡಿ ಹಾಕಿದ್ದ. ಇಬ್ಬರೂ ಮಾಡಬೇಕಾದದ್ದನ್ನೇ ಮಾಡಿದ್ದರು. ಯಾರನ್ನು ಬೈಯಬೇಕೆಂದು ವರ್ತಕನಿಗೆ ತಿಳಿಯಲಿಲ್ಲ.

ಅಳು ನುಂಗಿಕೊಂಡು ನೆರೆಯೂರಿನಿಂದ ಹುದುಗು ಬೇಡಿ ತಂದ, ನೀಲಿಯನ್ನು ಮತ್ತೆ ಎಬ್ಬಿಸಿದ. ಈ ಸಲ ಎರಡೂ ಬಾನಿಗೆ ಒಂದೊಂದು ಮುಚ್ಚಳ, ಮುಚ್ಚಳಕ್ಕೊಂದು ಬೀಗ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ! ಹಸಿರು ಬಟ್ಟೆಗೆ ಎರಡೂ ಬಾನಿ ಬೇಕು. ಒಬ್ಬ ನೀಲಿಯ ಕೀಲಿಕೈ ಹಿಡಿದು ಹಳದಿಗಾಗಿ ಕಾದ. ಇನ್ನೊಬ್ಬ ಹಳದಿಯದನ್ನು ಹಿಡಿದು ನೀಲಿಗಾಗಿ ಕಾದ. ಎರಡೂ ಸಿಕ್ಕದೆ ಕೆಲಸವಿಲ್ಲ. ಕೆಲಸ ಮುಗಿಯದೆ ಕೀಲಿಕೈ ಬಿಡುವಂತಿಲ್ಲ. ಸಂಜೆ ವರ್ತಕ ಬಂದಾಗ ಇಬ್ಬರೂ ಎದುರುಬದುರು ಕೂತಿದ್ದರು. ಜಗಳವೇನೂ ಇರಲಿಲ್ಲ. ಮುಚ್ಚಳದ ಕೆಳಗೆ ನೀಲಿ ಮತ್ತೆ ಮಂಕಾಗುತ್ತಿತ್ತು.

ವರ್ತಕ ಮೂಲೆಯಿಂದ ಹಳೆಯ ಬೀಗವನ್ನು ಹುಡುಕಿ ತಂದ. ಎಲ್ಲರಿಗಿಂತ ಹಿರಿಯ ಬಣ್ಣಗಾರನನ್ನು ಕರೆದು ಕೇಳಿದ: "ಇದು ಏನನ್ನ ಕಾಯ್ತಿತ್ತಯ್ಯ?"

"ಗೊತ್ತಿಲ್ಲ ಸಾವ್ಕಾರ್ರೇ. ಇದು ಇರೋ ತನಕ ಯಾರೂ ಕೇಳ್ಲಿಲ್ಲ."

ಹಾಕಿದರೆ ಜಗುಲಿ ತುಂಬುತ್ತದೆ, ಎಸೆದರೆ ನೀಲಿ ಸಾಯುತ್ತದೆ. ವರ್ತಕ ಬೀಗವನ್ನು ಕೈಯಲ್ಲಿ ಹಿಡಿದು ಹೊಸಿಲ ಮೇಲೆ ಕೂತುಬಿಟ್ಟ. ಬಣ್ಣಗಾರರು ಅವನ ಮುಖ ನೋಡುತ್ತ ನಿಂತರು.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಲೆ ಬುಡ ತಿಳಿಯಲಿಲ್ಲ. ಉತ್ತರ ಸಿಗುವುದಿರಲಿ, ತಂದಿದ್ದ ಪ್ರಶ್ನೆಯೂ ಕೈ ತಪ್ಪಿದಂತಾಯಿತು.

"ಆಮೇಲೆ? ಬೀಗ ಹಾಕಿದನೋ, ಎಸೆದನೋ?" ಎಂದ.

"ತೆಗೆಯುವುದಕ್ಕೆ ಒಂದು ಗಳಿಗೆ ಸಾಕಪ್ಪ. ಮೊದಲು ನಿನ್ನ ಬೀಗ ಏನೇನನ್ನು ಕಾಯುತ್ತಿದೆ, ಹೇಳು ಕೇಳೋಣ."